ಗಾಳಿಯ ತಿಕ್ಕಾಟವನ್ನು ತೂಗಿದ ಮಾಸ್ತರು

ಮಾನ್ವಿಯಿಂದ ರಾಯಚೂರಿಗೆ ಬರೋ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಅದು ಹಿಂದಿನ ಸಾಲಿನಲ್ಲೇ. ಅಲ್ಲಿ ಕಿಟಕಿ ಗಾಜು ಒಂದೇ ಸಮ ಗಡಗಡ ಅಂತಿರುತ್ತದೆ. ಎಷ್ಟೋ ದಿನ ಅದು ಎಂಜಿನ್ನಿನ ಅದುರಾಟ, ಇಲ್ಲಾ ರಸ್ತೆಯ ತಗ್ಗು-ದಿನ್ನಿಯ ಪ್ರತಾಪ ಅಂತಲೇ ತಿಳಿದಿದ್ದೆ. ಒಮ್ಮೆ ಡ್ರೈವರು ಇಳಿಜಾರಿನಲ್ಲಿ ಎಂಜಿನ್ ಸದ್ದು ಇಳಿಸಿ ಬಸ್ಸನ್ನು ಹಾಗೇ ಓಡಲು ಬಿಟ್ಟರು. ರಸ್ತೆ ಹೊಸ ಡಾಂಬರಿನದು, ನುಣ್ಣಗಿತ್ತು. ಆದರೂ ಗಾಜು ನಡುಗುತ್ತಲೇ ಇತ್ತು. ಮುಂದೆ ಹೋಗುತ್ತಿದ್ದ ನೆಲ್ಲಿನ ಲಾರಿಯ ತಾಡಪತ್ರಿಯೂ ಪಟಪಟ ಬಡಿದುಕೊಳ್ಳುತ್ತಿತ್ತು. ಆ ತಾಡಪತ್ರಿಗೆ ಯಾವ ಎಂಜಿನ್ನೂ ಇಲ್ಲ. ಅದನ್ನು ಬಡಿಯುತ್ತಿದ್ದದ್ದು ಬರೀ ಗಾಳಿ.

ಆ ಸೆಮಿಸ್ಟರಿನಲ್ಲಿ ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಇತ್ತು. ಬೌಂಡರಿ ಲೇಯರ್ ಅನ್ನೋದು ಹತ್ತು ಮಾರ್ಕಿನ ಪ್ರಶ್ನೆ, ಚಿತ್ರ ಬರೆದು ಎರಡು ಸೂತ್ರ ಬರೆದರೆ ಪಾಸು. ಲೈಬ್ರರಿಯಲ್ಲಿ ಶ್ಲಿಕ್ಟಿಂಗ್ ಎಂಬ ಜರ್ಮನ್ ಪ್ರೊಫೆಸರ್ ಬರೆದ ದಪ್ಪ ಪುಸ್ತಕ ತೆಗೆದಾಗ, ಸಪಾಟು ಹಲಗೆಯ ಮೇಲೆ ಗಾಳಿಯ ತಿಕ್ಕಾಟ ಎಷ್ಟು ಅನ್ನೋ ಗ್ರಾಫ್ ಕಂಡಿತು. ಗೆರೆಗಳು ಥಿಯರಿಯವು. ಗೆರೆಯ ಮೇಲೆ ಕೂತಿದ್ದ ಚುಕ್ಕೆಗಳು ಪ್ರಯೋಗದವು. ಚುಕ್ಕೆಗಳ ಕೆಳಗೆ ಎರಡು ಹೆಸರು: ಲೀಪ್ಮನ್, ಧವನ್. ಶ್ರೀಹರಿಕೋಟಾದ ಗೇಟಿನ ಮೇಲಿರುವ ಹೆಸರಿನ ಧವನ್ನೇ ಇವರು ಅಂತ ಗೊತ್ತಾದಾಗ ನನಗೆ ಸ್ವಲ್ಪ ಹೊತ್ತು ನಂಬಿಕೆಯೇ ಬರಲಿಲ್ಲ. ನಾವೆಲ್ಲ ಅವರನ್ನು ಇಸ್ರೋದ ಅಧ್ಯಕ್ಷರು ಅಂತ ಕ್ವಿಜ್‌ಗೆ ಬಾಯಿಪಾಠ ಮಾಡಿದವರು. ಆದರೆ ಮೊದಲು ಅವರು ಗೋಡೆಗೆ ತಾಗಿ ಹರಿಯುವ ಗಾಳಿ ಆ ಗೋಡೆಗೆ ಏನು ಮಾಡುತ್ತದೆ ಅಂತ ಅಳೆದವರು.

ಸತೀಶ್ ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಮನೆತನ ಪಂಜಾಬಿನದು, ಓದಿದ್ದು ಲಾಹೋರಿನಲ್ಲಿ. ಅವರ ಡಿಗ್ರಿಗಳ ಪಟ್ಟಿ ನೋಡ್ರಿ, ಇಂದಿನ ಕೌನ್ಸೆಲಿಂಗ್ ಕೌಂಟರಿನವರಿಗೆ ತಲೆ ತಿರುಗಬೇಕು: ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್. 1945ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ಬೆಂಗಳೂರಿನ ಜೊತೆ ಅವರ ನಂಟು ಶುರುವಾದದ್ದು ಹೀಗೆ. ಮರುವರ್ಷ ಅಮೆರಿಕಕ್ಕೆ ಹೋದರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಂ.ಎಸ್., ನಂತರ ಕ್ಯಾಲಿಫೋರ್ನಿಯಾದ ಕಾಲ್ಟೆಕ್. ಅವರು ಅಲ್ಲಿರುವಾಗಲೇ ದೇಶ ಎರಡಾಯಿತು. ಲಾಹೋರು ಗಡಿಯ ಆಚೆಗೆ ಹೋಯಿತು. ಓದಿದ ಊರು ಪರದೇಶವಾದ ಹುಡುಗ ಓದು ಮುಗಿಸಿ ಎಲ್ಲಿಗೆ ಮರಳಬೇಕು? 1951ರಲ್ಲಿ ಅವರು ಮರಳಿ ಬಂದದ್ದು ಬೆಂಗಳೂರಿಗೆ.

ಅದಕ್ಕೂ ಮೊದಲು ಕಾಲ್ಟೆಕ್‌ನಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ನಿಧಾನವಾಗಿ ಹೇಳಬೇಕು. ನನ್ನ ಲೆಕ್ಕದಲ್ಲಿ ಅವರ ಕಥೆಯಲ್ಲಿ ನಮ್ಮಂಥ ಎಂಜಿನಿಯರಿಂಗ್ ಹುಡುಗರು ಬಿಟ್ಟೇ ಬಿಡುವ ಭಾಗ ಅದು.

ಗೋಡೆಗೆ ತಾಗಿದ ಗಾಳಿ ನಿಂತೇ ಇರುತ್ತದೆ, ಒಂದಿಷ್ಟೂ ಜಾರುವುದಿಲ್ಲ. ಅದರ ಮೇಲಿನ ಪದರ ಸ್ವಲ್ಪ ಓಡುತ್ತದೆ, ಅದರ ಮೇಲಿನದು ಇನ್ನೂ ಸ್ವಲ್ಪ ಜೋರು. ಹೀಗೆ ಕೆಲವು ಮಿಲಿಮೀಟರ್ ಇಲ್ಲವೇ ಸೆಂಟಿಮೀಟರ್ ಎತ್ತರದೊಳಗೆ ಗಾಳಿ ಸೊನ್ನೆಯಿಂದ ಪೂರ್ತಿ ವೇಗಕ್ಕೆ ಬರುತ್ತದೆ. ಇದೇ ಬೌಂಡರಿ ಲೇಯರ್. ಈ ಪದರ ಗೋಡೆಯನ್ನು ತನ್ನ ದಿಕ್ಕಿಗೆ ಎಳೆಯುತ್ತದೆ, ಅದೇ ಸ್ಕಿನ್ ಫ್ರಿಕ್ಷನ್. ವಿಮಾನ ಸುಡುವ ಇಂಧನದಲ್ಲಿ ದೊಡ್ಡ ಪಾಲು ಈ ಎಳೆತ ಗೆಲ್ಲಲಿಕ್ಕೇ ಹೋಗುತ್ತದೆ. ಇದನ್ನು ಆಗ ಜನ ಲೆಕ್ಕ ಹಾಕುತ್ತಿದ್ದದ್ದು ಸುತ್ತಿ ಬಳಸಿ. ಗಾಳಿಯ ವೇಗ ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಅಂತ ಸಣ್ಣ ಕೊಳವೆ ಇಟ್ಟು ಅಳೆದು, ಅದರಿಂದ ಗಾಳಿ ಎಷ್ಟು ಸಂವೇಗ ಕಳಕೊಂಡಿತು ಅಂತ ತೆಗೆದು, ಹಾಗಾದರೆ ಗೋಡೆಯ ಮೇಲೆ ಇಷ್ಟು ಎಳೆತ ಇರಬೇಕು ಅಂತ ಹೇಳುವುದು. ನಡುವೆ ಹತ್ತು ಊಹೆ. ನಿಧಾನದ ಗಾಳಿಗೆ ಇದು ನಡೆಯುತ್ತಿತ್ತು. ಶಬ್ದದ ವೇಗ ದಾಟಿದ ಮೇಲೆ ಥಿಯರಿ ಬರೆದವರ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅದೇ ಹೊತ್ತಿಗೆ ವಿಮಾನಗಳು ಶಬ್ದದ ವೇಗ ದಾಟಲು ಶುರುಮಾಡಿದ್ದವು.

ಧವನ್ ಅವರ ಗೈಡ್ ಹ್ಯಾನ್ಸ್ ಲೀಪ್ಮನ್. ಗುರು ಶಿಷ್ಯರು ಹಿಡಿದ ದಾರಿ ಕೇಳಲಿಕ್ಕೆ ಸರಳ: ಗೋಡೆಯ ಒಂದು ಸಣ್ಣ ತುಂಡನ್ನೇ ಕತ್ತರಿಸಿ ಬಿಡಿ ಮಾಡುವುದು. ಆ ತುಂಡನ್ನು ಸುತ್ತಲಿನ ಗೋಡೆಗೆ ತಾಗದಂತೆ, ತೆಳುವಾದ ಸ್ಪ್ರಿಂಗ್ ಪಟ್ಟಿಗಳ ಮೇಲೆ ತೇಲಿಸಿ ನಿಲ್ಲಿಸುವುದು. ಗಾಳಿ ಎಳೆದಾಗ ತುಂಡು ಕೂದಲೆಳೆಯಷ್ಟು ಸರಿಯುತ್ತದೆ. ಸರಿದದ್ದನ್ನು ಡಿಫರೆನ್ಷಿಯಲ್ ಟ್ರಾನ್ಸ್‌ಫಾರ್ಮರ್‌ನಿಂದ ವಿದ್ಯುತ್ ಸಂಕೇತವಾಗಿ ಓದುವುದು. ನಮ್ಮ ಇನ್‌ಸ್ಟ್ರುಮೆಂಟೇಶನ್ ಲ್ಯಾಬಿನಲ್ಲಿ ಎಲ್‌ವಿಡಿಟಿ ಅಂತ ಒಂದು ಡಬ್ಬಿ ಇದೆಯಲ್ಲ, ಅದೇ.

ಎಷ್ಟು ಎಳೆತ ಅಂತ ನೀವೇ ಲೆಕ್ಕ ಹಾಕಿ ನೋಡ್ರಿ. ಸೆಕೆಂಡಿಗೆ 100 ಮೀಟರ್ ವೇಗದ ಗಾಳಿ. ಅದರ ಡೈನಾಮಿಕ್ ಪ್ರೆಶರ್ ಸುಮಾರು 6000 ಪಾಸ್ಕಲ್. ಫ್ರಿಕ್ಷನ್ ಕೋಎಫಿಶಿಯೆಂಟ್ 0.003 ಅಂತ ಇಟ್ಟುಕೊಂಡರೆ ಗೋಡೆಯ ಮೇಲಿನ ಎಳೆತ 18 ಪಾಸ್ಕಲ್. ಒಂದು ಚದರ ಸೆಂಟಿಮೀಟರ್ ತುಂಡಿನ ಮೇಲೆ ಇದು ಒಂದು ಗ್ರಾಮಿನ ಐದನೇ ಒಂದು ಭಾಗಕ್ಕೂ ಕಡಿಮೆ, ಅಂದ್ರ ನಮ್ಮ ಕಡೆಯ ಸೋನಾಮಸೂರಿ ಅಕ್ಕಿಯ ಹತ್ತು-ಹದಿನೈದು ಕಾಳಿನ ತೂಕ. ಬಿರುಗಾಳಿಗಿಂತ ಎಷ್ಟೋ ಜೋರಾದ ಗಾಳಿಯ ನಡುವೆ, ಮೋಟಾರುಗಳ ಅದುರಾಟದ ನಡುವೆ, ಹದಿನೈದು ಅಕ್ಕಿ ಕಾಳಿನ ತೂಕವನ್ನು ಅಡ್ಡಡ್ಡ ತೂಗಬೇಕು.

ತೊಡಕು ಇರುವುದು ಇಲ್ಲಿಯೇ. ಸ್ಪ್ರಿಂಗ್ ಪಟ್ಟಿ ಗಟ್ಟಿ ಇದ್ದರೆ ತುಂಡು ಸರಿಯುವುದೇ ಇಲ್ಲ, ಓದಲು ಏನೂ ಸಿಗದು. ಮೆತ್ತಗೆ ಮಾಡಿದರೆ ತುಂಡು ಗಾಳಿಯ ಪ್ರತಿ ಏರಿಳಿತಕ್ಕೂ ಕುಣಿಯಲು ಶುರುಮಾಡುತ್ತದೆ. ತುಂಡು ಸುತ್ತಲಿನ ಗೋಡೆಗಿಂತ ಕೂದಲಷ್ಟು ಮೇಲೆದ್ದರೂ ಗಾಳಿ ಅದರ ಅಂಚಿಗೆ ಗುದ್ದುತ್ತದೆ, ಕೆಳಗಿಳಿದರೂ ತಪ್ಪು ಓದು. ಸುತ್ತಲಿನ ಸಂದಿಯಲ್ಲಿ ಗಾಳಿ ನುಗ್ಗಿದರೆ ಅದರ ಒತ್ತಡವೇ ತಿಕ್ಕಾಟಕ್ಕಿಂತ ದೊಡ್ಡದಾಗಿಬಿಡುತ್ತದೆ. ಇಷ್ಟನ್ನೂ ಸಂಭಾಳಿಸಿ, ನಿಧಾನದ ಗಾಳಿಯಿಂದ ಶಬ್ದದ ವೇಗ ದಾಟಿದ ಗಾಳಿಯವರೆಗೆ ಧವನ್ ನೇರವಾಗಿ ಅಳೆದು ತೋರಿಸಿದರು. 1951ರಲ್ಲಿ ಪಿಎಚ್‌ಡಿ ಬಂತು. 1953ರಲ್ಲಿ ಅಮೆರಿಕದ ನಾಕಾ ಸಂಸ್ಥೆ, ಅಂದರೆ ಮುಂದೆ ನಾಸಾ ಆದದ್ದು, ಆ ಕೆಲಸವನ್ನು ತನ್ನ 1121ನೇ ವರದಿಯಾಗಿ ಅಚ್ಚು ಹಾಕಿತು. ನಾನು ಶ್ಲಿಕ್ಟಿಂಗ್ ಪುಸ್ತಕದಲ್ಲಿ ನೋಡಿದ ಚುಕ್ಕೆಗಳ ಹಿಂದಿದ್ದದ್ದು ಈ ಕೆಲಸ.

ಈಗ ಬಸ್ಸಿನ ಗಾಜಿಗೆ ಬರೋಣ. ಗೋಡೆಯ ಹತ್ತಿರದ ಗಾಳಿ ಸುಮ್ಮನೆ ಎಳೆಯುವುದಷ್ಟೇ ಅಲ್ಲ, ಅದರೊಳಗೆ ಸಾವಿರಾರು ಸುಳಿಗಳು ಉರುಳುತ್ತಾ ಹೋಗುತ್ತವೆ. ಒಂದೊಂದು ಸುಳಿಯೂ ಗೋಡೆಯನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಹೀರುತ್ತದೆ. ಈ ಒತ್ತಡದ ಏರಿಳಿತ ಎಷ್ಟಿರುತ್ತದೆ ಅಂದರೆ, ಒರಟು ಲೆಕ್ಕದಲ್ಲಿ, ಗೋಡೆಯ ಮೇಲಿನ ತಿಕ್ಕಾಟದ ಮೂರು ಪಟ್ಟು. ಧವನ್ ತೂಗಿದ ಆ ಹದಿನೈದು ಅಕ್ಕಿ ಕಾಳೇ ಸದ್ದಿನ ಅಳತೆಗೋಲೂ ಹೌದು. 18 ಪಾಸ್ಕಲ್ ತಿಕ್ಕಾಟ ಅಂದರೆ 50 ಪಾಸ್ಕಲ್ ಚಿಲ್ಲರೆ ಏರಿಳಿತ. ಗೋಡೆಗೆ ಸಮವಾಗಿ ಒಂದು ಮೈಕ್ ಹೂತಿಟ್ಟರೆ ಅದು 128 ಡೆಸಿಬೆಲ್ ಹತ್ತಿರ ತೋರಿಸುತ್ತದೆ. ಜಾತ್ರೆಯ ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟ ಹಾಗೆ. ಇದಷ್ಟೂ ದೂರ ಹೋಗಿ ಕೇಳಿಸುವ ಶಬ್ದವಲ್ಲ, ಬಹುಪಾಲು ಅಲ್ಲೇ ಗೋಡೆಗೆ ಅಂಟಿಕೊಂಡು ಹರಿದುಹೋಗುತ್ತದೆ. ಆದರೆ ಗೋಡೆ ತೆಳು ತಗಡೋ ಗಾಜೋ ಆಗಿದ್ದರೆ ಅದು ಸುಮ್ಮನಿರುವುದಿಲ್ಲ, ತಾನೂ ಅದುರುತ್ತದೆ. ಅದುರಿದ ತಗಡು ಒಳಗಿನ ಗಾಳಿಯನ್ನು ಅದುರಿಸುತ್ತದೆ. ಒಳಗೆ ಕೂತ ನಮಗೆ ಕೇಳುವುದು ಅದು.

ಎಲ್ಲಾ ಸುಳಿಯೂ ತಗಡನ್ನು ಒಂದೇ ರೀತಿ ಕುಣಿಸುವುದಿಲ್ಲ. ಸುಳಿಗಳು ಗಾಳಿಯ ವೇಗದ ಸುಮಾರು 60ರಿಂದ 80 ಶೇಕಡಾ ವೇಗದಲ್ಲಿ ಮುಂದೆ ಸಾಗುತ್ತವೆ. ತಗಡಿನಲ್ಲಿಯೂ ಬಾಗುವಿಕೆಯ ಅಲೆಗಳು ಓಡುತ್ತವೆ, ಅವುಗಳಿಗೆ ಅವುಗಳದೇ ವೇಗ. ಎರಡೂ ವೇಗ ಹೊಂದಿದ ಕಂಪನಸಂಖ್ಯೆಯಲ್ಲಿ ಗಾಳಿ ಒತ್ತಿದ್ದೆಲ್ಲಾ ತಗಡಿಗೆ ಜಮಾ ಆಗುತ್ತದೆ. ನಾಗರಪಂಚಮಿ ಜೋಕಾಲಿ ಜೀಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಹೊತ್ತು ನೋಡಿ ಜೀಕಿದರೆ ಸಣ್ಣ ಹುಡುಗಿಯೂ ಜೋಕಾಲಿಯನ್ನು ಬೇವಿನ ಕೊಂಬೆಗೆ ಮುಟ್ಟಿಸುತ್ತಾಳೆ. ವಿಮಾನದಲ್ಲಿ ಮುಂದಿನ ಸೀಟುಗಳಲ್ಲಿ ಕೂತವರಿಗೆ ಒಂದೇ ಸಮ ಕೇಳುವ ಹೋ ಅನ್ನೋ ಸದ್ದಿನಲ್ಲಿ ದೊಡ್ಡ ಪಾಲು ಎಂಜಿನ್ನಿನದಲ್ಲ, ಹೀಗೆ ಮೈಗೆ ತಾಗಿ ಹರಿಯುವ ಗಾಳಿಯದು. (ನಾನಿನ್ನೂ ವಿಮಾನ ಹತ್ತಿಲ್ಲ. ಓದಿದ್ದನ್ನು ಹೇಳುತ್ತಿದ್ದೇನೆ.)

ಕರೆಂಟಿನ ತಂತಿ ಗುಂಯ್ ಅನ್ನುವುದು ಇದರ ತಮ್ಮ. ಒಂದೂವರೆ ಸೆಂಟಿಮೀಟರ್ ದಪ್ಪದ ತಂತಿಗೆ ಸೆಕೆಂಡಿಗೆ 5 ಮೀಟರ್ ಗಾಳಿ ಅಡ್ಡ ಬೀಸಿದರೆ ಹಿಂದೆ ಸುಳಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೆಕೆಂಡಿಗೆ ಸುಮಾರು 67 ಸಲ ಕಳಚಿಕೊಳ್ಳುತ್ತವೆ. ಶಕ್ತಿನಗರದಿಂದ ಹೊರಡುವ ದೊಡ್ಡ ಲೈನುಗಳಲ್ಲಿ ಕಂಬದ ಪಕ್ಕ ತಂತಿಗೆ ಜೋತುಬಿದ್ದ ಸಣ್ಣ ಡಂಬೆಲ್‌ಗಳನ್ನು ನೋಡಿರಬಹುದು. ಅವು ತಂತಿಯ ಆ ಅದುರಾಟವನ್ನು ನುಂಗಲಿಕ್ಕೆ ಇಟ್ಟವು. ಇಲ್ಲದಿದ್ದರೆ ತಂತಿ ಕ್ಲ್ಯಾಂಪಿನ ಹತ್ತಿರ ಬಾಗಿ ಬಾಗಿ ಸುಸ್ತಾಗಿ ಹರಿಯುತ್ತದೆ.

1951ರಲ್ಲಿ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಊರ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಸೀನಿಯರ್ ಸೈಂಟಿಫಿಕ್ ಆಫೀಸರ್ ಆಗಿ ಸೇರಿದರು. ದೇಶದ ಮೊದಲ ಸೂಪರ್‌ಸಾನಿಕ್ ವಿಂಡ್ ಟನಲ್ ಅವರ ಕೈಯಲ್ಲಿ ಅಲ್ಲಿ ಎದ್ದಿತು. 1955ರಲ್ಲಿ ಏರೋನಾಟಿಕ್ಸ್ ವಿಭಾಗದ ಮುಖ್ಯಸ್ಥರಾದರು. ಅವರ ಮೊದಲ ತಲೆಮಾರಿನ ಶಿಷ್ಯರಲ್ಲಿ ಒಬ್ಬರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದ ಬೆಂಗಳೂರಿನ ಹುಡುಗ.

ಗುರು ಶಿಷ್ಯರು ಕೈ ಹಾಕಿದ್ದು ನಯವಾದ ಹರಿವು ಕಲಕಿದ ಹರಿವಾಗಿ ಬದಲಾಗುವ ಜಾಗಕ್ಕೆ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ಹೊಸದಲ್ಲ. ಉಪಕಾಲುವೆಯಲ್ಲಿ ನೀರು ಕನ್ನಡಿಯಂತೆ ಬರುತ್ತಿರುತ್ತದೆ, ಎಲ್ಲೋ ಒಂದು ಕಡೆ ಮೈ ಜುಂ ಅಂದಂತೆ ಚುಕ್ಕೆ ಚುಕ್ಕೆಯಾಗಿ ಕಲಕುತ್ತದೆ, ಮುಂದೆ ಹೋಗುತ್ತಾ ಚುಕ್ಕೆಗಳು ಹರಡಿ ಕೂಡಿಕೊಳ್ಳುತ್ತವೆ. ಹಲಗೆಯ ಮೇಲಿನ ಗಾಳಿಯೂ ಒಮ್ಮೆಲೇ ಕಲಕುವುದಿಲ್ಲ. ಒಂದೇ ಬಿಂದುವಿನಲ್ಲಿ ಸ್ವಲ್ಪ ಹೊತ್ತು ನಯ, ಸ್ವಲ್ಪ ಹೊತ್ತು ಕಲಕು. ಒಟ್ಟು ಹೊತ್ತಿನಲ್ಲಿ ಕಲಕಿದ್ದ ಪಾಲು ಎಷ್ಟು ಅನ್ನೋದು ಕೆಳಗೆ ಹೋದಂತೆ ಸೊನ್ನೆಯಿಂದ ಒಂದಕ್ಕೆ ಏರುತ್ತದೆ. ಬೇರೆ ಬೇರೆ ವೇಗ, ಬೇರೆ ಬೇರೆ ಪ್ರಯೋಗ, ಆದರೂ ಆ ಏರಿಕೆಯ ಗೆರೆಯ ಆಕಾರ ಒಂದೇ ಅಂತ ಧವನ್ ಮತ್ತು ನರಸಿಂಹ 1958ರಲ್ಲಿ ಬರೆದ ಪ್ರಬಂಧ ತೋರಿಸಿತು. ಅದು ಬಂದದ್ದು ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ, ಆ ಪತ್ರಿಕೆ ಶುರುವಾಗಿ ಇನ್ನೂ ಎರಡೇ ವರ್ಷವಾಗಿತ್ತು. ಇವತ್ತಿಗೂ ಟರ್ಬೈನ್ ಬ್ಲೇಡ್ ಡಿಸೈನ್ ಮಾಡುವವರು ಆ ಗೆರೆಯನ್ನು ಬಳಸುತ್ತಾರೆ. ಬ್ಲೇಡಿನ ಮೈಮೇಲೆ ಗಾಳಿ ಎಲ್ಲಿ ಕಲಕಲು ಶುರುವಾಗುತ್ತದೆ ಅನ್ನೋದರ ಮೇಲೆ ಬ್ಲೇಡು ಎಷ್ಟು ಕಾಯುತ್ತದೆ ಅನ್ನೋದು ನಿಂತಿದೆ.

1962ರಲ್ಲಿ ಅವರು ಇಡೀ ಸಂಸ್ಥೆಯ ನಿರ್ದೇಶಕರಾದರು. ವಯಸ್ಸು 42ರ ಆಸುಪಾಸು. 1981ರವರೆಗೆ ಆ ಕುರ್ಚಿ ಬಿಡಲಿಲ್ಲ, ಅಷ್ಟು ದೀರ್ಘ ಕಾಲ ಅಲ್ಲಿ ಬೇರೆ ಯಾರೂ ಕೂತಿಲ್ಲ. ಆ ಹತ್ತೊಂಬತ್ತು ವರ್ಷಗಳ ಎಲ್ಲಾ ಕೆಲಸ ಹೇಳುತ್ತಾ ಕೂತರೆ ಇದು ಆ್ಯನ್ಯುಯಲ್ ರಿಪೋರ್ಟ್ ಆಗುತ್ತದೆ, ಅದಕ್ಕೇ ಒಂದೇ ಒಂದು ಹೇಳಿ ಮುಂದೆ ಹೋಗುತ್ತೇನೆ. 1974ರಲ್ಲಿ ಎ. ಕೆ. ಎನ್. ರೆಡ್ಡಿ ಎಂಬ ರಸಾಯನಶಾಸ್ತ್ರದ ಪ್ರೊಫೆಸರ್ ಹಳ್ಳಿಯ ಒಲೆ, ಗೋಬರ್ ಗ್ಯಾಸು, ಮಣ್ಣಿನ ಇಟ್ಟಿಗೆ ಇವೆಲ್ಲಾ ಸಂಶೋಧನೆಯ ವಿಷಯ ಅಂತ ಹೊರಟಾಗ ಅಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರುವಾಯಿತು. ಸೂಪರ್‌ಸಾನಿಕ್ ಗಾಳಿ ಅಳೆದ ನಿರ್ದೇಶಕರ ಕಾಲದಲ್ಲೇ ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಒಲೆಯ ಹೊಗೆ ಅಳೆಯುವ ಕೆಲಸವೂ ನಡೆಯಿತು.

1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯಿ ತೀರಿಕೊಂಡರು. ಧವನ್ ಆಗ ರಜೆಯ ಮೇಲೆ ಮತ್ತೆ ಕಾಲ್ಟೆಕ್‌ನಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಬಾಹ್ಯಾಕಾಶ ಕಾರ್ಯಕ್ರಮ ನಡೆಸಲು ಅವರನ್ನು ಕರೆದರು. ಇವರು ಎರಡು ಷರತ್ತು ಇಟ್ಟರು. ಒಂದು, ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡು, ತಾನು ಐಐಎಸ್ಸಿ ನಿರ್ದೇಶಕನಾಗಿಯೂ ಮುಂದುವರಿಯಬೇಕು. ಪ್ರಧಾನಿಗೆ ಷರತ್ತು ಹಾಕುವುದು ಈಗಲೂ ಸಣ್ಣ ಮಾತಲ್ಲ. ಎರಡೂ ಒಪ್ಪಿಗೆಯಾದವು. ಅವರು ಬರುವವರೆಗೆ ಕೆಲವು ತಿಂಗಳು ಎಂ. ಜಿ. ಕೆ. ಮೆನನ್ ನೋಡಿಕೊಂಡರು, 1972ರಲ್ಲಿ ಧವನ್ ಅಧಿಕಾರ ವಹಿಸಿಕೊಂಡರು. ಇಸ್ರೋ ಇವತ್ತು ಬೆಂಗಳೂರಿನದು ಅನ್ನಿಸಿಕೊಂಡಿರುವುದರ ಹಿಂದೆ ಆ ಮೊದಲ ಷರತ್ತಿದೆ. ಪೀಣ್ಯದ ಇಂಡಸ್ಟ್ರಿಯಲ್ ಶೆಡ್ಡುಗಳಲ್ಲಿ ಉಡುಪಿ ಕಡೆಯ ಯು. ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ರಷ್ಯದ ರಾಕೆಟ್ ಅದನ್ನು ಮೇಲೆ ಒಯ್ದಿತು.

ಅದೇ ವರ್ಷ ಆಗಸ್ಟ್ 1ಕ್ಕೆ ನಮ್ಮ ಜಿಲ್ಲೆಗೆ ಟಿವಿ ಬಂತು. ಬೆಂಗಳೂರಿನವರೇ ಇನ್ನೂ ಟಿವಿ ನೋಡಿರದ ಕಾಲ. ಸೈಟ್ ಅಂತ ಆ ಪ್ರಯೋಗದ ಹೆಸರು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ಆಕಾಶದಿಂದ ನೇರ ಟಿವಿ. ಕನಸು ಸಾರಾಭಾಯಿಯವರದು, ನಡೆಸಿದ್ದು ಧವನ್ ಅವರ ಇಸ್ರೋ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು. ಹಿಂದುಳಿದವು ಅನ್ನೋ ಕಾರಣಕ್ಕೆ ಯಾವುದೋ ಪಟ್ಟಿಯಲ್ಲಿ ನಾವು ಮೊದಲು ಬಂದದ್ದು ಅದೊಂದೇ ಸಲವೇನೋ. ನಮ್ಮ ಮುತ್ಯಾ ಬೀಗರ ಊರಿಗೆ ಹೋದಾಗ ಶಾಲೆಯ ಅಂಗಳದಲ್ಲಿ ಕೂತು ನೋಡಿದ್ದನ್ನು ಈಗಲೂ ಹೇಳುತ್ತಾರೆ. ಅವರಿಗೆ ಕಾರ್ಯಕ್ರಮ ಏನಿತ್ತು ಅನ್ನೋದು ಮರೆತಿದೆ. ನೆನಪಿರುವುದು ಮಾಳಿಗೆ ಮೇಲಿದ್ದ ಕೋಳಿಗೂಡಿನ ಜಾಲರಿಯ ದೊಡ್ಡ ಛತ್ರಿ.

ಆ ಛತ್ರಿ ಹತ್ತು ಅಡಿ ಅಗಲದ ಡಿಶ್ ಆಂಟೆನಾ. ನಿಜಕ್ಕೂ ಕೋಳಿ ಜಾಲರಿಯದೇ. ಅಗ್ಗ ಅನ್ನೋದು ಒಂದು ಕಾರಣ. ಆದರೆ ಲೆಕ್ಕ ಹಾಕಿದರೆ ಇನ್ನೊಂದು ಗುಣ ಕಾಣುತ್ತದೆ. ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್ ಸಂಕೇತ, ಅದರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ತೂತು ಅದರ ಮುಂದೆ ಏನೇನೂ ಅಲ್ಲ, ಅಲೆಗೆ ಅದು ಗಟ್ಟಿ ತಗಡಿನಂತೆಯೇ ಕಾಣುತ್ತದೆ. ಗಾಳಿಗೆ ಮಾತ್ರ ತೂತು ತೂತೇ. ಅಷ್ಟು ದೊಡ್ಡ ಡಿಶ್ಶನ್ನು ಗಟ್ಟಿ ತಗಡಿನಲ್ಲಿ ಮಾಡಿ ಮುಂಗಾರು ಮುಂಚಿನ ಗಂಟೆಗೆ 90 ಕಿಲೋಮೀಟರ್ ಗಾಳಿಗೆ ಎದುರು ನಿಲ್ಲಿಸಿದರೆ 300 ಕಿಲೋಗೂ ಮಿಕ್ಕಿ ತಳ್ಳುತ್ತದೆ. ಮಣ್ಣಿನ ಮಾಳಿಗೆಯ ಮನೆಗಳ ನಾಡಿನಲ್ಲಿ ಅದನ್ನು ಎಲ್ಲಿ ಕಟ್ಟುತ್ತೀರಿ?

ರಾಕೆಟ್ಟಿನ ಮಾತಿಗೆ ಬಂದರೆ, ಅಲ್ಲಿ ಇದೇ ಗಾಳಿ ದೊಡ್ಡ ವೈರಿ. ರಾಕೆಟ್ ಮೇಲೇರುತ್ತಾ ವೇಗ ಹೆಚ್ಚುತ್ತದೆ, ಗಾಳಿ ತೆಳುವಾಗುತ್ತಾ ಹೋಗುತ್ತದೆ. ನಡುವೆ ಒಂದು ಹೊತ್ತಿನಲ್ಲಿ ವೇಗವೂ ಸಾಕಷ್ಟಿರುತ್ತದೆ, ಗಾಳಿಯೂ ಇನ್ನೂ ದಪ್ಪವಿರುತ್ತದೆ. ಡೈನಾಮಿಕ್ ಪ್ರೆಶರ್ ಆಗ ಅತಿ ಹೆಚ್ಚು, ಶಬ್ದದ ವೇಗ ದಾಟುವುದೂ ಅದರ ಆಸುಪಾಸಿನಲ್ಲೇ. ಮೂತಿಯ ಹಿಂದೆ, ಎರಡು ಹಂತ ಕೂಡುವ ಕಡೆ, ಶಾಕ್ ಅಲೆಗಳು ಹಿಂದೆ ಮುಂದೆ ಓಲಾಡುತ್ತವೆ, ಬೌಂಡರಿ ಲೇಯರ್ ಗೋಡೆ ಬಿಟ್ಟು ಏಳುತ್ತದೆ, ತೆಳು ಚಿಪ್ಪು ಡೊಳ್ಳಿನ ಚರ್ಮದ ಹಾಗೆ ಅದುರುತ್ತದೆ. ಒಳಗಿರುವುದು ವರ್ಷಗಟ್ಟಲೆ ಕೂತು ಕಟ್ಟಿದ ಉಪಗ್ರಹ. ಅದಕ್ಕೇ ಮಾದರಿಯನ್ನು ಮೊದಲು ವಿಂಡ್ ಟನಲ್‌ನಲ್ಲಿ ಇಟ್ಟು ನೋಡಬೇಕು, ಶೇಕರ್ ಮೇಜಿನ ಮೇಲೆ ಕುಲುಕಬೇಕು. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1.2 ಮೀಟರ್‌ನ ಟ್ರೈಸಾನಿಕ್ ಟನಲ್ 1967ರಿಂದ ಈ ಕೆಲಸಕ್ಕೆ ಇತ್ತು. ಉಪಗ್ರಹವನ್ನು ಬರೀ ಶಬ್ದದಿಂದಲೇ ಬಡಿದು ಪರೀಕ್ಷಿಸುವ ಕೋಣೆಯೂ ಮುಂದೆ ಅಲ್ಲಿಯೇ ಆಯಿತು.

ನಮ್ಮದೇ ಮೊದಲ ಉಡಾವಣಾ ರಾಕೆಟ್ ಎಸ್‌ಎಲ್‌ವಿ-3. 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತ. ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎದ್ದಿತು. ಮೊದಲ ಹಂತ ಚೆನ್ನಾಗಿಯೇ ಉರಿಯಿತು, ಅಂದರೆ ದಪ್ಪ ಗಾಳಿಯ ಪರೀಕ್ಷೆ ಪಾಸು. ಕೈಕೊಟ್ಟದ್ದು ಎರಡನೇ ಹಂತದ ಕಂಟ್ರೋಲ್. ನಿಯಂತ್ರಣಕ್ಕೆ ಬೇಕಾದ ಆಸಿಡ್ ಮೊದಲೇ ಸೋರಿಹೋಗಿತ್ತು. ರಾಕೆಟ್ ದಾರಿ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು.

ಪತ್ರಕರ್ತರು ಕಾಯುತ್ತಿದ್ದರು. ಯೋಜನೆಯ ಮುಖ್ಯಸ್ಥನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವುದು ಧವನ್‌ಗೆ ಸುಲಭವಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ತಾವೇ ಮುಂದೆ ಕೂತರು, ಸೋಲಿನ ಹೊಣೆ ತಮ್ಮದೆಂದರು, ತಂಡದ ಮೇಲೆ ಪೂರ್ತಿ ಭರವಸೆ ಇದೆ ಎಂದು ತಿಳಿಸಿದರು. 1980ರ ಜುಲೈ 18ರಂದು ಎರಡನೇ ರಾಕೆಟ್ 35 ಕಿಲೋದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರ ಮುಂದೆ ಕೂರಲು ಕಲಾಂ ಅವರನ್ನೇ ಕಳಿಸಿದರು. ಈ ಕಥೆ ಕಲಾಂ ಊರೂರಿನಲ್ಲಿ ಹೇಳಿ ಎಲ್ಲರಿಗೂ ಗೊತ್ತಾಗಿದೆ, ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ಬರುತ್ತದೆ. ನಾನು ಇಲ್ಲಿ ಮತ್ತೆ ಹೇಳಿದ್ದಕ್ಕೆ ಕಾರಣ ಬೇರೆ. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಬರದಿದ್ದರೆ ನಾವು ಪಕ್ಕದ ಬ್ಯಾಚಿನದನ್ನು ನೋಡಿ ಬರೆಯುತ್ತೇವೆ, ಬಿಡ್ರಿ, ಎಲ್ಲರೂ ಮಾಡಿದ್ದೇ. ಹದಿನೈದು ಅಕ್ಕಿ ಕಾಳಿನ ತೂಕಕ್ಕೆ ವರ್ಷಗಟ್ಟಲೆ ಹೆಣಗಿದವರಿಗೆ, ತಪ್ಪು ಓದು ಬಂದರೆ ಅದು ಯಾರದೋ ತಲೆಗೆ ಕಟ್ಟುವ ವಸ್ತುವಲ್ಲ, ಎಲ್ಲಿ ಸಂದಿ ಬಿಟ್ಟಿದೆ ಅಂತ ಹುಡುಕುವ ವಸ್ತು ಅಂತ ಅಭ್ಯಾಸವಾಗಿರಬೇಕು. ಇದು ನನ್ನ ಊಹೆ. ಆದರೂ 1951ರ ಧವನ್ ಮತ್ತು 1979ರ ಧವನ್ ಬೇರೆ ಬೇರೆ ಮನುಷ್ಯರು ಅಂತ ನನಗೆ ಅನ್ನಿಸುವುದಿಲ್ಲ.

1981ರಲ್ಲಿ ಪದ್ಮವಿಭೂಷಣ ಬಂತು. 1984ರಲ್ಲಿ ಇಸ್ರೋ ಅಧ್ಯಕ್ಷ ಸ್ಥಾನ ಯು. ಆರ್. ರಾವ್ ಅವರಿಗೆ ಬಿಟ್ಟುಕೊಟ್ಟರು. ಲಾಹೋರಿನ ಕಡೆಗಾಗಲಿ ದೆಹಲಿಗಾಗಲಿ ಹೋಗಲಿಲ್ಲ, ಬೆಂಗಳೂರಿನಲ್ಲೇ ಉಳಿದರು.

ಶ್ರೀಹರಿಕೋಟಾದ ಮಗ್ಗುಲಲ್ಲಿ ಪುಲಿಕಾಟ್ ಸರೋವರ ಇದೆ. ಚಳಿಗಾಲದಲ್ಲಿ ಅಲ್ಲಿ ರಾಜಹಂಸ, ಹೆಜ್ಜಾರ್ಲೆ ಇಳಿಯುತ್ತವೆ. ರಾಕೆಟ್ ಕೆಲಸಕ್ಕೆ ಹೋದಾಗಲೆಲ್ಲಾ ಧವನ್ ಆ ಹಕ್ಕಿಗಳನ್ನು ನೋಡುತ್ತಿದ್ದರು, ದ್ವೀಪದ ಕಾಡು ಹಾಳಾಗಬಾರದು ಅಂತ ಕಾಳಜಿ ಮಾಡಿದ್ದರು. ನಿವೃತ್ತಿಯ ಹೊತ್ತಿನಲ್ಲಿ ಹಕ್ಕಿಗಳ ಹಾರಾಟದ ಮೇಲೆ ಒಂದು ಪುಸ್ತಕವನ್ನೇ ಬರೆದರು, ಭಾರತೀಯ ವಿಜ್ಞಾನ ಅಕಾಡೆಮಿ ಅದನ್ನು ಅಚ್ಚು ಹಾಕಿತು. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅನ್ನೋದು ಕೊನೆಗೂ ಅವರನ್ನು ಬಿಟ್ಟಿರಲಿಲ್ಲ. 2002ರ ಜನವರಿ 3ರಂದು ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಗೂಬೆ ಹಾರಿದರೆ ಸದ್ದು ಬರುವುದಿಲ್ಲ, ನೋಡಿದ್ದೀರಾ? ಅದರ ರೆಕ್ಕೆಯ ಮುಂಗರಿಗೆ ಬಾಚಣಿಗೆಯಂಥ ಹಲ್ಲು, ಹಿಂಗರಿಗೆ ನವಿರಾದ ಕುಚ್ಚು, ಮೇಲ್ಮೈ ಮಖಮಲ್ಲು. ಸುಳಿಗಳು ಅಂಚಿಗೆ ಬಡಿದು ಸದ್ದಾಗುವ ಮೊದಲೇ ಅವನ್ನು ಚೂರು ಚೂರು ಮಾಡಿ ಬಿಡುತ್ತದೆ. ಗಾಳಿಯಂತ್ರದ ರೆಕ್ಕೆಗಳಿಗೂ ಈಗ ಅಂಥ ಹಲ್ಲು ಕೂರಿಸುತ್ತಿದ್ದಾರೆ. ಮಾನ್ವಿ ಬಸ್ಸಿನ ಗಾಜಿಗೆ ಸದ್ಯಕ್ಕೆ ನಾನು ಹಳೇ ಹಾಲ್ ಟಿಕೆಟ್ ಮಡಚಿ ಸಂದಿಗೆ ತುರುಕುತ್ತೇನೆ. ಮೂರು ಮಡಿಕೆ ಸಾಕು, ಗಡಗಡ ನಿಲ್ಲುತ್ತದೆ. ಆಮೇಲೆ ಕೇಳುವುದು ಗಾಳಿಯದೇ ಸದ್ದು.